ಎಸ್ಟೀಮ್ ಎಂಜಿನ್ ಹಾಕಿದ ಜಿಪ್ಸಿಗೆ ಎಸಿ ಕೂರಿಸಿದ್ದು

ಎಂಜಿನ್ ಬದಲಿಸಿದ ಗಾಡಿಗೆ ಎಸಿ ಹಾಕಿಸಬೇಕು ಅಂತ ಪುಣೆಯಲ್ಲಿ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು "ಗಾಡಿ ಯಾವುದು?" ಅಂತ. ಮಾರುತಿ ಜಿಪ್ಸಿ ಅಂದ ತಕ್ಷಣ ಒಂದು ರೇಟು ಹೇಳುತ್ತಾರೆ. ಎಂಜಿನ್ ಮಾತ್ರ ಎಸ್ಟೀಮ್‌ದು ಅಂದರೆ ಮಾತು ನಿಂತುಬಿಡುತ್ತದೆ. ಒಬ್ಬರು ಜಿಪ್ಸಿ ಕಿಟ್ಟೇ ಸಾಕು ಅಂದರು. ಇನ್ನೊಬ್ಬರು ಎಸ್ಟೀಮ್‌ನ ಪೂರ್ತಿ ಸೆಟ್ ತನ್ನಿ ಅಂದರು. ಮತ್ತೊಬ್ಬರು ಗಾಡಿ ಬಿಟ್ಟು ಹೋಗಿ, ಹೇಗೋ ಮಾಡಿ ಕೊಡ್ತೀವಿ ಅಂದರು. "ಹೇಗೋ" ಅನ್ನುವ ಕಡೆ ಇಂಥ ಗಾಡಿ ಬಿಡಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ಕಾರಿನ ಎಸಿ ಅರ್ಧ ಎಂಜಿನ್‌ಗೆ ಸೇರಿದ್ದು, ಇನ್ನರ್ಧ ಬಾಡಿಗೆ ಸೇರಿದ್ದು. ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್, ಅದರ ಬ್ರ್ಯಾಕೆಟ್, ಬೆಲ್ಟು, ಐಡಲ್ (ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ) ಏರಿಸುವ ವ್ಯವಸ್ಥೆ ಇವೆಲ್ಲ ಎಂಜಿನ್ ಕಡೆಯವು. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್, ಅದರ ಫ್ಯಾನು, ಒಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್, ಆ ಗಾಳಿ ಊದುವ ಬ್ಲೋವರ್ ಬಾಡಿ ಕಡೆಯವು. ನಡುವೆ ಇರುವ ಪೈಪು ಮತ್ತು ವೈರು ಎರಡಕ್ಕೂ ಸೇರಿದ್ದಲ್ಲ, ಅವನ್ನು ಕೈಯಾರೆ ಮಾಡಿಸಬೇಕು. ಕಂಪನಿಯಿಂದ ಬಂದ ಗಾಡಿಯಲ್ಲಿ ಇದನ್ನೆಲ್ಲ ಯಾರೋ ಮೊದಲೇ ಕೂತು ಲೆಕ್ಕ ಹಾಕಿರುತ್ತಾರೆ. ಎಂಜಿನ್ ಬದಲಾಯಿಸಿದ ಮೇಲೆ ಆ ಲೆಕ್ಕ ನಮ್ಮ ತಲೆಗೆ ಬರುತ್ತದೆ. ಇದು ಗೊತ್ತಿದ್ದು ಕೆಲಸ ಶುರು ಮಾಡಿದರೆ ಅರ್ಧ ತಲೆನೋವು ಕಡಿಮೆ.

ನಮ್ಮದು ಹಳೇ ಎಂಜಿ410 ಜಿಪ್ಸಿ. ಅಪ್ಪ ಪಿಂಪ್ರಿಯಲ್ಲಿ ಕೆಲಸದಲ್ಲಿದ್ದಾಗ ತೆಗೆದುಕೊಂಡದ್ದು, ಪುಣೆಯದ್ದೇ ನಂಬರ್. ಅದರ ಮೂಲ ಎಂಜಿನ್ 970 ಸಿಸಿ, ಕಾರ್ಬ್ಯುರೇಟರ್‌ದು, ಶಕ್ತಿ ಸುಮಾರು 45 ಕುದುರೆ. ಮಾರುತಿಯವರು 1985ರ ಕೊನೆಗೆ ಜಿಪ್ಸಿ ತಂದಾಗ ಇದ್ದದ್ದು ಅದೇ. 1996ರಲ್ಲಿ ಜಿಪ್ಸಿ ಕಿಂಗ್ ಬಂದಾಗ 1.3 ಲೀಟರ್ ಆಯಿತು, 2000ದಲ್ಲಿ ಅದು 16 ವಾಲ್ವಿನ, ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಆಗಿ 80 ಕುದುರೆಶಕ್ತಿಗೆ ಏರಿತು. ನಮ್ಮ ಹಳೇ ಎಂಜಿನ್ ಹೊಗೆ ಉಗುಳಲು ಶುರು ಮಾಡಿದ ಮೇಲೆ ಮುಂಬೈನ ಕುರ್ಲಾದಿಂದ ಒಂದು ಎಸ್ಟೀಮ್‌ನ 1.3 ಎಂಪಿಎಫ್‌ಐ ಎಂಜಿನ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮತ್ತು ವೈರಿಂಗ್ ಸಮೇತ ತಂದು ಕೂರಿಸಿದ್ದೆವು. ಜಿಪ್ಸಿಗೂ ಎಸ್ಟೀಮಿಗೂ ಒಂದೇ ಕುಟುಂಬದ ಎಂಜಿನ್ ಆಗಿರುವುದರಿಂದ ಈ ಬದಲಾವಣೆ ಮಾಡುವವರು ಬಹಳ ಜನ. ಗೇರ್‌ಬಾಕ್ಸ್ ಜೊತೆ ಸೇರಿಸುವ ಕಥೆಗೆ ಇಲ್ಲಿ ಹೋಗುವುದಿಲ್ಲ.

ಆರ್‌ಟಿಒ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯಲ್ಲಿ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು. ಅದು ಆಗದೆ ಎಸಿಗೆ ಒಂದು ರೂಪಾಯಿ ಕೂಡ ಹಾಕಬೇಡಿ. ನಾಳೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಆ ನಂಬರನ್ನೇ.

ಎಸಿ ಬೇಕಾದದ್ದು ಅವ್ವನಿಗಾಗಿ. ಅವಳಿಗೆ ಧೂಳು ಆಗಿ ಬರುವುದಿಲ್ಲ, ಉಬ್ಬಸ. ಮೇ ತಿಂಗಳಲ್ಲಿ ಧಾರವಾಡಕ್ಕೆ ಹೋಗದೆ ಇರುವವಳೂ ಅಲ್ಲ, ಆ ಗಾಡಿ ಬಿಟ್ಟು ಬೇರೆ ಗಾಡಿ ಹತ್ತುವವಳೂ ಅಲ್ಲ. ಕಿಟಕಿ ಮುಚ್ಚಿಕೊಂಡು ಹೋಗಬೇಕಾದರೆ ಎಸಿ ಬೇಕೇ ಬೇಕು.

ಕೊನೆಗೆ ಕೆಲಸ ಒಪ್ಪಿಕೊಂಡವರು ಭೋಸರಿ ಹತ್ತಿರ ಗ್ಯಾರೇಜ್ ಇಟ್ಟುಕೊಂಡಿರುವ ಒಬ್ಬ ಮಿಸ್ತ್ರಿ. ಇಂಡಿ ತಾಲ್ಲೂಕಿನವರು, ಪುಣೆಗೆ ಬಂದು ಬಹಳ ವರ್ಷವಾಗಿದೆ. ಗಿರಾಕಿಗಳ ಜೊತೆ ಮರಾಠಿ, ಹುಡುಗರ ಜೊತೆ ಹಿಂದಿ, ನಮ್ಮಂಥವರು ಸಿಕ್ಕರೆ ಕನ್ನಡ. ನಾನು ಪೂರ್ತಿ ವಿಷಯ ಹೇಳಿ ಮುಗಿಸಿದ ಮೇಲೆ ಅವರು ರೇಟು ಹೇಳಲಿಲ್ಲ. "ಸರ, ಕಂಪ್ರೆಸರ್ ಎಲ್ಲಿ ಕುಂದರಸೂದು ಅಂತ ಮೊದಲ ನೋಡೂಣು. ಉಳದದ್ದೆಲ್ಲಾ ಆಮ್ಯಾಲ. ಬಾನೆಟ್ ತಗೀರಿ" ಅಂದರು. ಆಗಲೇ ಇವರ ಹತ್ತಿರವೇ ಮಾಡಿಸಬೇಕು ಅಂತ ತೀರ್ಮಾನಿಸಿದೆ.

ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಎಸ್ಟೀಮ್‌ನ ಬ್ರ್ಯಾಕೆಟ್ ಬ್ಲಾಕಿಗೆ ಚೆನ್ನಾಗಿಯೇ ಕೂರುತ್ತದೆ, ತೂತುಗಳೂ ಸರಿಯಾಗಿ ಹೊಂದುತ್ತವೆ. ಆದರೆ ಎಂಜಿನ್ ತಿರುಗಿಸಿ ಇಟ್ಟಾಗ ನಮ್ಮ ಗಾಡಿಯಲ್ಲಿ ಕಂಪ್ರೆಸರ್ ಹೋಗಿ ನಿಲ್ಲುವುದು ಚಾಸಿಯ ಪಕ್ಕಕ್ಕೆ, ತೀರಾ ಕೆಳಗೆ. ನಿಂತ ಗಾಡಿಯಲ್ಲಿ ನೋಡಿದರೆ ಜಾಗ ಇದೆ ಅನ್ನಿಸುತ್ತದೆ. ಮಿಸ್ತ್ರಿ ಒಂದು ಕೆಟ್ಟುಹೋದ ಕಂಪ್ರೆಸರನ್ನು ಆ ಜಾಗದಲ್ಲಿ ಬೋಲ್ಟ್ ಹಾಕಿ ನಿಲ್ಲಿಸಿದರು. ಆಮೇಲೆ ಮುಂದಿನ ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು ಎತ್ತುತ್ತಾ ಹೋದರು. ಜಿಪ್ಸಿಯದ್ದು ಪಟ್ಟೆ ಸ್ಪ್ರಿಂಗು, ಗಟ್ಟಿ ಆಕ್ಸಲ್. ಗುಂಡಿಗೆ ಬಿದ್ದಾಗ ಆಕ್ಸಲ್ ಇಡಿಯಾಗಿ ಮೇಲೆ ಬರುತ್ತದೆ. ಆಕ್ಸಲ್ ಮೇಲೆ ಬರುವುದನ್ನು ತಡೆಯುವ ರಬ್ಬರ್ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಆಕ್ಸಲ್ ಕಂಪ್ರೆಸರಿನ ಹೊಟ್ಟೆಗೆ ತಾಗಿ ಟಕ್ ಅಂತ ಸದ್ದಾಯಿತು. ಸಾಲದ್ದಕ್ಕೆ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುವುದೂ ಇದೆ, ಅದಕ್ಕೂ ಜಾಗ ಬಿಡಬೇಕು. ಈ ಪರೀಕ್ಷೆ ಮಾಡದೆ ಅಲ್ಲೇ ಕೂರಿಸಿದ್ದರೆ ಮೊದಲನೇ ದೊಡ್ಡ ಗುಂಡಿಗೇ ಕಂಪ್ರೆಸರ್ ಒಡೆದು ಗ್ಯಾಸೆಲ್ಲ ಹೋಗುತ್ತಿತ್ತು.

ಹಾಗಾಗಿ ಕಂಪ್ರೆಸರನ್ನು ಮೇಲೆ ತರಬೇಕಾಯಿತು. ಬ್ರ್ಯಾಕೆಟ್ ಹೊಸದೇ ಮಾಡಿಸಬೇಕು. ಇಲ್ಲಿ ಯಾವ ಕಂಪ್ರೆಸರ್ ಅನ್ನುವ ಪ್ರಶ್ನೆಯೂ ಬರುತ್ತದೆ. ನಾವು ಆರಿಸಿದ್ದು ಸ್ಯಾಂಡೆನ್ 507. ಈ ನಂಬರಿನ ಮೊದಲ 5 ಅಂದರೆ ಐದು ಸಿಲಿಂಡರು. 505 ಅಂದರೆ 87 ಸಿಸಿ, 507 ಅಂದರೆ 108, 508 ಅಂದರೆ 138. ಅಂಗಡಿಯವರು 508 ತೊಗೊಳ್ಳಿ, ಕೂಲಿಂಗ್ ಜಾಸ್ತಿ ಅನ್ನುತ್ತಾರೆ. 1.3 ಲೀಟರ್ ಎಂಜಿನ್‌ಗೆ, ಅದೂ ಜಿಪ್ಸಿಯಂಥ ಗಾಳಿಗೆ ಎದೆಯೊಡ್ಡುವ ಗಾಡಿಗೆ, ಅಷ್ಟು ದೊಡ್ಡದು ಬೇಕಾಗಿಲ್ಲ. ಘಾಟಿ ಹತ್ತುವಾಗ ಅದು ಎಂಜಿನ್‌ನ ಜೀವ ತೆಗೆಯುತ್ತದೆ. ಕಂಡೆನ್ಸರ್ ಚಿಕ್ಕದಿದ್ದು ಕಂಪ್ರೆಸರ್ ಮಾತ್ರ ದೊಡ್ಡದಾದರೆ ಒತ್ತಡ ಏರುತ್ತದೆಯೇ ಹೊರತು ತಂಪು ಏರುವುದಿಲ್ಲ. ಈ ಜಾತಿಯ ಸ್ಯಾಂಡೆನ್‌ನ ಇನ್ನೊಂದು ಅನುಕೂಲ ಅಂದರೆ ನಾಲ್ಕು ಕಿವಿ ಇರುವುದರಿಂದ ಹಿಡಿಸುವುದು ಸುಲಭ, ಎಣ್ಣೆ ಹಾಕುವ ಬೋಲ್ಟ್ ಮೇಲಿದ್ದಾಗಿನ ನಿಲುವಿನಿಂದ 90 ಡಿಗ್ರಿ ತನಕ ವಾಲಿಸಿದರೂ ಕೆಲಸ ಮಾಡುತ್ತದೆ. ಇಕ್ಕಟ್ಟಿನ ಜಾಗಕ್ಕೆ ಇದು ದೊಡ್ಡ ಉಪಕಾರ.

ಬ್ರ್ಯಾಕೆಟ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಎಸಿ ಕೆಡುವುದು ಬಹಳ ಸಲ ಗ್ಯಾಸಿನಿಂದ ಅಲ್ಲ, ಬ್ರ್ಯಾಕೆಟ್‌ನಿಂದ. ಅದನ್ನು ಎಂಜಿನ್ ಬ್ಲಾಕಿಗೇ ಹಿಡಿಸಬೇಕು. ಒಂದು ಕಾಲು ಬ್ಲಾಕಿಗೆ, ಇನ್ನೊಂದು ಕಾಲು ಬಾಡಿಗೆ ಅಂತ ಮಾಡಿದ ಗಾಡಿ ನಾನೇ ನೋಡಿದ್ದೇನೆ. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ, ಆ ಬ್ರ್ಯಾಕೆಟ್ ಬಿರುಕು ಬಿಡದೆ ಇನ್ನೇನಾಗುತ್ತದೆ? ಮಿಸ್ತ್ರಿ ಮೊದಲು 6 ಎಂಎಂ ಪ್ಲೇಟಿನಲ್ಲಿ ಒಂದು ಮಾಡಿಸಿ ಹಾಕಿ ನೋಡಿದರು. ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಅದರದೇ ಕ್ಲಚ್ ಹಿಡಿದ ಗಳಿಗೆಯಲ್ಲಿ ಪ್ಲೇಟು ಬಾಗುವುದು ಕಣ್ಣಿಗೇ ಕಾಣುತ್ತಿತ್ತು, ರೇಸ್ ಕೊಟ್ಟರೆ ಬೆಲ್ಟು ಕಿರ್ರೆನ್ನುತ್ತಿತ್ತು. ಕೂಡಲೇ ಬಿಚ್ಚಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ 10 ಎಂಎಂ ಪ್ಲೇಟು ಕತ್ತರಿಸಿ, ಮೂಲೆಗೆ ತ್ರಿಕೋನದ ಒತ್ತು ಕೊಟ್ಟು ವೆಲ್ಡ್ ಮಾಡಿಸಿದರು. ಬ್ಲಾಕಿಗೆ ಕೂರುವ ಮುಖವನ್ನು ವೆಲ್ಡ್ ಆದ ಮೇಲೆ ಮತ್ತೆ ಮಿಲ್ಲಿಂಗ್ ಮಾಡಿಸಿದರು. ವೆಲ್ಡಿನ ಬಿಸಿಗೆ ಪ್ಲೇಟು ಸೊಟ್ಟಗಾಗಿರುತ್ತದೆ, ಹಾಗೇ ಬಿಗಿದರೆ ಬ್ಲಾಕಿನ ಬೋಲ್ಟ್ ತೂತಿನ ತಿರುಪು ಹಾಳಾಗುತ್ತದೆ ಅಂತ.

ಬೆಲ್ಟ್ ಲೈನ್, ಅಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿವೆಯಾ ಅಂತ, ನೋಡಿದ್ದು ಒಂದು ನೇರ ಅಲ್ಯೂಮಿನಿಯಂ ಪಟ್ಟಿಯಿಂದ. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಪಟ್ಟಿ ಒತ್ತಿ ಹಿಡಿದು ಕಂಪ್ರೆಸರ್ ಪುಲ್ಲಿ ತನಕ ಬೆಳಕಿನ ಗೆರೆ ಕಾಣುತ್ತದಾ ಅಂತ ನೋಡುತ್ತಾ ಇದ್ದರು. ಒಂದು ಎಂಎಂಗಿಂತ ಜಾಸ್ತಿ ವ್ಯತ್ಯಾಸ ಅವರು ಒಪ್ಪಲೇ ಇಲ್ಲ. ಶಿಮ್ (ಸಂದಿಗೆ ಇಡುವ ತೆಳು ತಗಡು) ಹಾಕಿ, ತೆಗೆದು, ತೆಳ್ಳಗಿನದು ಹಾಕಿ, ಮತ್ತೆ ಪಟ್ಟಿ ಹಿಡಿದು, ಊಟದ ಹೊತ್ತು ಮೀರಿದರೂ ಅದೇ ಕೆಲಸ. ನಮ್ಮ ಎಂಜಿನ್ ಎಸಿ ಇದ್ದ ಗಾಡಿಯಿಂದ ಬಂದದ್ದಾಗಿ ಕ್ರ್ಯಾಂಕ್ ಪುಲ್ಲಿಯಲ್ಲಿ ಕಂಪ್ರೆಸರ್ ಬೆಲ್ಟಿಗೆ ಬೇರೆ ಸಾಲು ಇತ್ತು. ಎಂಜಿನ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಪುಲ್ಲಿಗೆ ಮತ್ತೆ ಹುಡುಕಾಟ. ಇನ್ನೊಂದು ಮಾತು: ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಉದ್ದಕ್ಕೆ ಕೂತ ಎಂಜಿನ್‌ನಲ್ಲಿ ಅದು ಮುಂದಿನ ಮುಖಕ್ಕೆ ಬರುತ್ತದೆ. ಬ್ರ್ಯಾಕೆಟ್ ಅದರ ಕವರಿಗೆ ಅಡ್ಡ ನಿಂತರೆ ಮುಂದೆ ಟೈಮಿಂಗ್ ಬೆಲ್ಟ್ ಬದಲಿಸುವಾಗ ಎಸಿ ಗ್ಯಾಸ್ ಖಾಲಿ ಮಾಡಬೇಕಾಗುತ್ತದೆ. ನಮ್ಮದರಲ್ಲಿ ಪೈಪು ಬಿಚ್ಚದೆ, ಕಂಪ್ರೆಸರನ್ನು ಹಾಗೇ ಪಕ್ಕಕ್ಕೆ ಸರಿಸಿ ಕಟ್ಟಿಡಬಹುದಾದಷ್ಟು ಪೈಪು ಸಡಿಲ ಬಿಟ್ಟಿದ್ದಾರೆ.

ಕಂಡೆನ್ಸರ್ ಕಡೆಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು, ಎಸಿ ಇಲ್ಲದೇನೇ ಗಾಡಿ ಬಿಸಿಯಾಗುತ್ತಿದ್ದರೆ ಎಸಿ ಕೆಲಸಕ್ಕೆ ಕೈಹಾಕಬೇಡಿ. ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂತು ತನ್ನ ಬಿಸಿಯನ್ನೂ ಅದರ ಮೇಲೇ ಬಿಡುತ್ತದೆ. 970 ಸಿಸಿಗೆ ಇದ್ದ ರೇಡಿಯೇಟರನ್ನು ನಾವು ಎಂಜಿನ್ ಬದಲಿಸಿದಾಗಲೇ ತೆಗೆದು ದೊಡ್ಡದು ಹಾಕಿಸಿದ್ದೆವು.

ಗುಜರಿಯಲ್ಲಿ ಹಳೇ ಕಂಡೆನ್ಸರ್ ಅಗ್ಗಕ್ಕೆ ಸಿಗುತ್ತದೆ, ಬೇಡ. ಹಳೇ ಗಾಡಿಗಳ ಎಸಿ ಓಡುತ್ತಿದ್ದುದು ಆರ್-12 ಗ್ಯಾಸಿನಲ್ಲಿ. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಜಗತ್ತೇ ಬಿಡುತ್ತಾ ಬಂತು, ಭಾರತದಲ್ಲೂ 2010ರ ಹೊತ್ತಿಗೆ ನಿಂತಿತು. ಅದರ ಜಾಗಕ್ಕೆ ಬಂದ ಆರ್-134ಎಗೆ ಕಂಡೆನ್ಸರ್ ಇನ್ನೂ ಚೆನ್ನಾಗಿ ಬಿಸಿ ಬಿಡಬೇಕು. ಹಾವಿನ ಹಾಗೆ ಒಂದೇ ಕೊಳವೆ ಸುತ್ತಿರುವ ಹಳೇ ಮಾದರಿ ಸಾಲುವುದಿಲ್ಲ, ಚಪ್ಪಟೆ ಕೊಳವೆಗಳು ಪಕ್ಕಪಕ್ಕ ಇರುವ ಪ್ಯಾರಲಲ್ ಫ್ಲೋ ಕಂಡೆನ್ಸರೇ ಬೇಕು. ಹಳೇ ಸಾಮಾನಿನೊಳಗೆ ಉಳಿದ ಮಿನರಲ್ ಎಣ್ಣೆ ಈ ಗ್ಯಾಸಿನ ಜೊತೆ ಬೆರೆಯುವುದೂ ಇಲ್ಲ, ಇದಕ್ಕೆ ಪಿಎಜಿ ಅನ್ನುವ ಕೃತಕ ಎಣ್ಣೆಯೇ ಆಗಬೇಕು. ಗ್ರಿಲ್ ಹಿಂದಿನ ಜಾಗ ಅಳೆದುಕೊಂಡು ಪುಣೆಯ ನಾನಾ ಪೇಟ್ ಬಜಾರಿಗೆ ಹೋಗಿ, ಅದರಲ್ಲಿ ಕೂರುವ ಎಲ್ಲಕ್ಕಿಂತ ದೊಡ್ಡ ಹೊಸ ಕಂಡೆನ್ಸರ್ ತಂದೆವು. ಹಾರ್ನು ಬೇರೆ ಕಡೆ ಹೋಯಿತು.

ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕುವ ಪೆಟ್ಟಿಗೆ ಮಾದರಿಯದ್ದು, ಎಡಗಡೆಗೆ. ಅವ್ವನನ್ನು ಸೀಟಿನಲ್ಲಿ ಕೂರಿಸಿ ಮೊಣಕಾಲು ತಾಗದ ಹಾಗೆ ಪೆನ್ಸಿಲ್ ಗುರುತು ಹಾಕಿದರು, ಆಮೇಲೆ ಡ್ರಿಲ್ ಹಿಡಿದರು. ನೀರು ಹೋಗುವ ಪೈಪಿಗೆ ಇಳಿಜಾರು ಕೊಡಲೇಬೇಕು, ಇಲ್ಲದಿದ್ದರೆ ಕಾಲಿಗೆ ನೀರು.

ಪೈಪುಗಳು ಮೂರು ಗಾತ್ರದವು. ಕಂಪ್ರೆಸರಿಗೆ ವಾಪಸ್ ಬರುವ ಪೈಪು ಎಲ್ಲಕ್ಕಿಂತ ದಪ್ಪ, ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವುದು ಮಧ್ಯಮ, ತೇವ ಹೀರುವ ಡ್ರೈಯರ್‌ನಿಂದ ಕಾಯಿಲ್ಲಿಗೆ ಹೋಗುವುದು ಸಣ್ಣದು. ಒಳಗೆ ನೈಲಾನ್ ಪದರ ಇರುವ ಬ್ಯಾರಿಯರ್ ಹೋಸ್ ಕೇಳಿ ತರಿಸಿಕೊಳ್ಳಿ. ಬರೀ ರಬ್ಬರ್ ಪೈಪಿನ ಮೂಲಕ ಆರ್-134ಎ ನಿಧಾನಕ್ಕೆ ಸೋರಿಹೋಗುತ್ತದೆ, ವರ್ಷಕ್ಕೊಮ್ಮೆ ಗ್ಯಾಸ್ ಕಡಿಮೆ ಅಂತ ಅಂಗಡಿಗೆ ಓಡುತ್ತಿರಬೇಕಾಗುತ್ತದೆ. ಪೈಪನ್ನು ಗಾಡಿ ಮೇಲೇ ಅಳೆದು, ಫಿಟ್ಟಿಂಗ್ ಯಾವ ಕಡೆ ತಿರುಗಬೇಕು ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದು, ಆಮೇಲೆ ಕ್ರಿಂಪ್ ಮಾಡಿಸಬೇಕು, ಅಂದರೆ ಫಿಟ್ಟಿಂಗನ್ನು ಪೈಪಿಗೆ ಒತ್ತಿ ಕೂರಿಸಬೇಕು. ಸೈಲೆನ್ಸರ್ ಹತ್ತಿರ ಹಾದುಹೋಗುವ ಕಡೆ ನಮ್ಮ ಪೈಪಿಗೆ ಬಿಸಿ ತಡೆಯುವ ತೋಳು ಹಾಕಿದ್ದಾರೆ.

ಎಲ್ಲ ಸೇರಿಸಿದ ಮೇಲೆ ಮೊದಲು ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿ ನೋಡಿದ್ದು. ಒಂದು ಕ್ರಿಂಪ್‌ನಲ್ಲಿ ಸಾಸಿವೆಯಷ್ಟು ಗುಳ್ಳೆ ಬರುತ್ತಿತ್ತು, ಆ ಪೈಪು ವಾಪಸ್ ಹೋಗಿ ಹೊಸದಾಗಿ ಬಂತು. ಇದಕ್ಕೂ ಮುಂಚೆ ನಾನು ವಿಚಾರಿಸಿದ್ದ ಒಂದು ಅಂಗಡಿಯಲ್ಲಿ, ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಬೇಕಿಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳಿದರೆ ಆಯ್ತು ಅಂದಿದ್ದರು. ಅದನ್ನು ಹೇಳಿದಾಗ ನಮ್ಮ ಮಿಸ್ತ್ರಿಗೆ ನಿಜವಾಗಿಯೂ ಸಿಟ್ಟು ಬಂತು. "ಗ್ಯಾಸ್ ತುಂಬೂದು ಹತ್ತ ನಿಮಿಷದ ಕೆಲಸ ಐತ್ರಿ ಸರ. ಒಳಗ ನೀರಿನ ಪಸೆ ಉಳೀತಂದ್ರ ಎಲ್ಲಾ ತಿಂದ ಹಾಕತೈತಿ" ಅಂದರು. ಅವರು ಹೇಳಿದ್ದು ಸರಿ. ಒಳಗೆ ತೇವ ಉಳಿದರೆ ಅದು ಎಕ್ಸ್‌ಪಾನ್ಷನ್ ವಾಲ್ವಿನ (ಕಾಯಿಲ್ಲಿಗೆ ಗ್ಯಾಸ್ ಬಿಡುವ ವಾಲ್ವು) ಸಣ್ಣ ತೂತಿನಲ್ಲಿ ಮಂಜುಗಟ್ಟಿ ಅಡ್ಡ ನಿಲ್ಲುತ್ತದೆ, ಗ್ಯಾಸು ಎಣ್ಣೆ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ವ್ಯಾಕ್ಯೂಮ್‌ನಲ್ಲಿ ಒತ್ತಡ ತೀರಾ ಇಳಿದಾಗ ನೀರು ಬಿಸಿ ಮಾಡದೇನೇ ಕುದಿದು ಆವಿಯಾಗಿ ಪಂಪಿನ ಮೂಲಕ ಹೊರಗೆ ಬರುತ್ತದೆ. ಡ್ರೈಯರಿನ ಮುಚ್ಚಳ ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು ಅನ್ನುವುದೂ ಇದಕ್ಕೇ.

ಇಲ್ಲಿ ಪುಣೆಯವರಿಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಪುಸ್ತಕಗಳಲ್ಲಿ ವ್ಯಾಕ್ಯೂಮ್ ಪಾದರಸದ ಲೆಕ್ಕದಲ್ಲಿ 29-30 ಇಂಚು ಬರಬೇಕು ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಗೇಜ್ ಹತ್ತಿರ ಹತ್ತಿರ 28ಕ್ಕೆ ನಿಲ್ಲುತ್ತದೆ. ಪಂಪ್ ಕೆಟ್ಟಿದೆ, ಇಲ್ಲವೇ ಲೀಕ್ ಇದೆ ಅಂತ ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ನಿಲ್ಲುತ್ತದಾ ಅಂತ. ನಮ್ಮದು ಊಟ ಮಾಡಿ ಬಂದು ನೋಡಿದರೂ ಅಲ್ಲಾಡಿರಲಿಲ್ಲ.

ಆಮೇಲೆ ಗ್ಯಾಸ್. ಕಂಪನಿ ಗಾಡಿಯಲ್ಲಾದರೆ ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗೆ ಬರೆದಿರುತ್ತದೆ. ನಮ್ಮ ಗಾಡಿಗೆ ಹಾಗೆ ಬರೆದುಕೊಟ್ಟವರು ಯಾರೂ ಇಲ್ಲ. ಆದ್ದರಿಂದ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ಸ್ವಲ್ಪ ಸ್ವಲ್ಪ ಬಿಡುತ್ತಾ, ಎರಡೂ ಗೇಜ್ ಮತ್ತು ಒಳಗೆ ತಂಪು ಗಾಳಿ ಬರುವ ಜಾಲರಿಯಲ್ಲಿ ಇಟ್ಟ ಥರ್ಮಾಮೀಟರ್ ನೋಡುತ್ತಾ ಹೋಗುವುದು. ಡ್ರೈಯರ್ ಮೇಲಿನ ಗಾಜಿನಲ್ಲಿ ಗುಳ್ಳೆ ನೋಡಿ ತುಂಬುವ ಹಳೇ ರೂಢಿ ಆರ್-134ಎಗೆ ನಂಬಿಕೆಯದ್ದಲ್ಲ, ಗುಳ್ಳೆ ಪೂರ್ತಿ ಹೋಗುವ ತನಕ ತುಂಬಿದರೆ ಜಾಸ್ತಿಯಾಗುತ್ತದೆ. ಹೊರಗೆ 35 ಡಿಗ್ರಿ ಇದ್ದಾಗ ಕಡಿಮೆ ಒತ್ತಡದ ಕಡೆ 30-40 ಪಿಎಸ್‌ಐ, ಜಾಸ್ತಿ ಒತ್ತಡದ ಕಡೆ 200ರಿಂದ 240 ಬಂದರೆ ಒಳ್ಳೇದು. ನಮ್ಮದು ಸುಮಾರು 500 ಗ್ರಾಮಿಗೆ ಸರಿಹೋಯಿತು. ಆ ತೂಕ, ಗ್ಯಾಸಿನ ಹೆಸರು, ಎಣ್ಣೆಯ ಜಾತಿ ಮೂರನ್ನೂ ಬರೆದು ಬಾನೆಟ್ ಕೆಳಗೆ ಅಂಟಿಸಿದ್ದೇನೆ. ಇಂಥ ಗಾಡಿ ಇದ್ದವರೆಲ್ಲ ಇದನ್ನು ಮಾಡಬೇಕು.

ಆದರೆ ಈ ಒತ್ತಡ ಬಂದದ್ದು ಗಾಡಿಗೆ ರೇಸ್ ಕೊಟ್ಟಾಗ. ಐಡಲ್‌ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಜಾಸ್ತಿ ಒತ್ತಡದ ಮುಳ್ಳು 250 ದಾಟಿ, 300 ದಾಟಿ ಏರುತ್ತಲೇ ಇತ್ತು. ಜಾಲರಿಯ ಗಾಳಿ ಬೆಚ್ಚಗಾಗುತ್ತಿತ್ತು. ಗ್ಯಾಸ್ ಜಾಸ್ತಿಯಾಗಿದೆಯಾ ಅಂತ ನಾನು ಕೇಳಿದೆ. ಮಿಸ್ತ್ರಿ ಉತ್ತರ ಕೊಡದೆ ಹುಡುಗನಿಗೆ ಒಂದು ಮಗ್ ನೀರು ತರಲು ಹೇಳಿದರು. ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದ್ದೇ ತಡ, ಆವಿ ಎದ್ದು ಮುಳ್ಳು ಸರ್ರನೆ ಇಳಿದು 200ಕ್ಕೆ ಬಂತು. ಒಳಗೆ ಜಾಲರಿಯಲ್ಲಿ ಮತ್ತೆ ತಂಪು ಗಾಳಿ. ಅಂದರೆ ಗ್ಯಾಸ್ ಸರಿ ಇದೆ, ಕಂಪ್ರೆಸರ್ ಸರಿ ಇದೆ, ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಒಂದು ಮಗ್ ನೀರಿನಲ್ಲಿ ಇಷ್ಟು ಸ್ಪಷ್ಟವಾಗಿ ರೋಗ ತಿಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನೋಡಿ ಬಹಳ ಖುಷಿಯಾಯಿತು.

ಗಾಳಿ ಯಾಕೆ ಸಾಲುತ್ತಿಲ್ಲ? ಮುಂದೆ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದರು, ಅದು ಜೋರಾಗಿಯೇ ತಿರುಗುತ್ತಿತ್ತು. ಮಿಸ್ತ್ರಿ ಒಂದು ಊದುಬತ್ತಿ ಹಚ್ಚಿ ರೇಡಿಯೇಟರಿನ ಪಕ್ಕದ ಸಂದಿಯಲ್ಲಿ ಹಿಡಿದರು. ಹೊಗೆ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ, ಗ್ರಿಲ್ ಕಡೆಗೆ ಬರುತ್ತಿತ್ತು. ಎಂಜಿನ್ ಕೋಣೆಯ ಬಿಸಿ ಗಾಳಿಯೇ ಪಕ್ಕದ ಸಂದಿಗಳಿಂದ ಮುಂದೆ ಬಂದು ಮತ್ತೆ ಕಂಡೆನ್ಸರಿಗೆ ಹೋಗುತ್ತಿತ್ತು. ಗಾಡಿ ಓಡುವಾಗ ಎದುರು ಗಾಳಿಯ ಬಲಕ್ಕೆ ಇದು ಆಗುವುದಿಲ್ಲ, ಸಿಗ್ನಲ್‌ನಲ್ಲಿ ಮಾತ್ರ ಆಗುತ್ತದೆ. ರೇಡಿಯೇಟರ್ ದೊಡ್ಡದು ಹಾಕಿದಾಗ ಮೂಲ ಗಾಡಿಯ ಅಡ್ಡತಗಡುಗಳು ಹೋಗಿದ್ದವು, ಎಂಜಿನ್ ಕೂರಿಸಿದವರು ಅವನ್ನು ಮತ್ತೆ ಹಾಕಿರಲಿಲ್ಲ. ರಬ್ಬರ್ ಶೀಟು ಕತ್ತರಿಸಿ ಎರಡೂ ಪಕ್ಕ ಮತ್ತು ಕೆಳಗೆ ಮುಚ್ಚಿದೆವು, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಸುತ್ತಲೂ ಫೋಮ್ ಪಟ್ಟಿ ಅಂಟಿಸಿದೆವು. ಎಂಜಿನ್ ಫ್ಯಾನಿಗೆ ಗಾಳಿ ಪಕ್ಕಕ್ಕೆ ಹೋಗದ ಹಾಗೆ ಸುತ್ತುವ ತಗಡಿನ ಶ್ರೌಡ್ ಮಾಡಿಸಿದೆವು. ಐಡಲ್‌ನಲ್ಲಿ ಒತ್ತಡ 240ರ ಆಸುಪಾಸಿಗೆ ನಿಂತಿತು. ಪೂರ್ತಿ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ದುಡ್ಡು ಹೋದದ್ದು ಇದಕ್ಕೆ, ಎಲ್ಲಕ್ಕಿಂತ ಜಾಸ್ತಿ ತಂಪು ಬಂದದ್ದೂ ಇದರಿಂದ. ಕೂಲಿಂಗ್ ಬರ್ತಿಲ್ಲ ಅಂತ ದೊಡ್ಡ ಕಂಪ್ರೆಸರ್ ಹಾಕಿಸುವ ಮೊದಲು ದಯವಿಟ್ಟು ಈ ಸಂದಿಗಳನ್ನು ನೋಡಿ.

ಇನ್ನು ವೈರಿಂಗ್. ಇದು ಎಸಿ ಮಿಸ್ತ್ರಿಗಳೂ ಮಾಡದ, ಎಂಜಿನ್ ಕೂರಿಸುವವರೂ ಮಾಡದ, ನಡುವೆ ಉಳಿದುಹೋಗುವ ಕೆಲಸ. ಎಂಪಿಎಫ್‌ಐ ಎಂಜಿನ್‌ನಲ್ಲಿ ಎಸಿ ಸ್ವಿಚ್ ಒತ್ತಿದರೆ ಆ ಸುದ್ದಿ ಇಸಿಯುಗೆ ಹೋಗಬೇಕು. ಇಸಿಯು ಮೊದಲು ಐಡಲ್ ವಾಲ್ವ್ ಸ್ವಲ್ಪ ತೆರೆದು ಗಾಳಿ ಜಾಸ್ತಿ ಬಿಟ್ಟು ಆರ್‌ಪಿಎಂ ಏರಿಸುತ್ತದೆ, ಆಮೇಲೆ ಕಂಪ್ರೆಸರ್ ಕ್ಲಚ್ಚಿಗೆ ಕರೆಂಟ್ ಬಿಡಲು ಒಪ್ಪುತ್ತದೆ. ಪೂರ್ತಿ ಎಕ್ಸಲರೇಟರ್ ಒತ್ತಿದಾಗ ತಾನೇ ಕಂಪ್ರೆಸರ್ ಬಿಡಿಸುತ್ತದೆ. ಇದನ್ನೆಲ್ಲ ಬಿಟ್ಟು ಸೀದಾ ಬ್ಯಾಟರಿಯಿಂದ ಸ್ವಿಚ್, ಸ್ವಿಚ್‌ನಿಂದ ಕ್ಲಚ್ ಅಂತ ಎಳೆದರೆ ಸಿಗ್ನಲ್‌ನಲ್ಲಿ ಕಂಪ್ರೆಸರ್ ಹಿಡಿದಾಗಲೆಲ್ಲ ಎಂಜಿನ್ ನಡುಗಿ ಆಫ್ ಆಗುತ್ತದೆ. ಅದಕ್ಕೆ ಪರಿಹಾರ ಅಂತ ಐಡಲ್ ಸ್ಕ್ರೂ ತಿರುಗಿಸಿ ಯಾವಾಗಲೂ ಏರಿಸಿಟ್ಟು ಪೆಟ್ರೋಲ್ ಸುಡುವವರೂ ಇದ್ದಾರೆ.

ನಮ್ಮ ಎಂಜಿನ್ ಕೂರಿಸಿದವರು ಎಸಿಯ ವೈರುಗಳನ್ನು ಬೇಡ ಅಂತ ಕನೆಕ್ಟರ್ ಹತ್ತಿರವೇ ಕತ್ತರಿಸಿ ಟೇಪ್ ಸುತ್ತಿಬಿಟ್ಟಿದ್ದರು. ನನಗೆ ನಿಜಕ್ಕೂ ಬೇಜಾರಾಯಿತು. ಉದ್ದ ಬಿಟ್ಟು ಕಟ್ಟಿಟ್ಟಿದ್ದರೆ ಎಷ್ಟು ಸುಲಭ ಇತ್ತು. ಎಸ್ಟೀಮ್‌ನ ವೈರಿಂಗ್ ನಕ್ಷೆ ಹುಡುಕಿ, ಇಸಿಯು ಕನೆಕ್ಟರಿನಲ್ಲಿ ಎಸಿ ಕೇಳುವ ವೈರು ಯಾವುದು, ಒಪ್ಪಿಗೆ ಕೊಡುವ ವೈರು ಯಾವುದು ಅಂತ ಬಣ್ಣ ನೋಡಿ, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡು, ಉಳಿದ ಗೇಣುದ್ದದ ತುಂಡಿಗೆ ಬೆಸುಗೆ ಹಾಕಿ ಉದ್ದ ಮಾಡಿಕೊಂಡೆ. ಈ ಭಾಗ ನಾನೇ ಮಾಡಿದ್ದು. ಸ್ವಿಚ್ಚಿನಿಂದ ಹೊರಟ ಕರೆಂಟು ಕೂಲಿಂಗ್ ಕಾಯಿಲ್ಲಿನ ಥರ್ಮೋಸ್ಟಾಟ್ ದಾಟಿ, ಡ್ರೈಯರ್ ಹತ್ತಿರದ ಪ್ರೆಶರ್ ಸ್ವಿಚ್ ದಾಟಿ ಇಸಿಯುಗೆ ಹೋಗುತ್ತದೆ. ಗ್ಯಾಸ್ ಸೋರಿ ಒತ್ತಡ ತೀರಾ ಇಳಿದರೂ, ಅಥವಾ ವಿಪರೀತ ಏರಿದರೂ ಆ ಸ್ವಿಚ್ ಕಂಪ್ರೆಸರ್ ನಿಲ್ಲಿಸುತ್ತದೆ. ದುಡ್ಡು ಉಳಿಸಲು ಇದನ್ನು ಬಿಡುವವರಿದ್ದಾರೆ, ಬಿಡಲೇಬಾರದು. ಗ್ಯಾಸಿನ ಜೊತೆಗೇ ಎಣ್ಣೆ ತಿರುಗುವುದರಿಂದ ಗ್ಯಾಸ್ ಇಲ್ಲದೆ ಓಡಿದ ಕಂಪ್ರೆಸರ್ ಹಿಡಿದುಕೊಳ್ಳುತ್ತದೆ.

ಕ್ಲಚ್ಚಿಗೂ ಫ್ಯಾನಿಗೂ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್. ಕ್ಲಚ್ ಕಾಯಿಲ್ಲಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದ್ದೇನೆ, ಇಲ್ಲದಿದ್ದರೆ ಕ್ಲಚ್ ಬಿಡುವಾಗ ಏಳುವ ವೋಲ್ಟೇಜ್ ಪೆಟ್ಟು ಇಸಿಯುಗೆ ಒಳ್ಳೇದಲ್ಲ. ಕ್ಲಚ್, ಫ್ಯಾನ್, ಬ್ಲೋವರ್ ಮೂರೂ ಸೇರಿ 20 ಆಂಪಿಯರಿಗೂ ಜಾಸ್ತಿ ಎಳೆಯುತ್ತವೆ. ರಾತ್ರಿ ಹೆಡ್‌ಲೈಟ್ ಹಾಕಿ, ಐಡಲ್‌ನಲ್ಲಿ ಎಸಿ ಬಿಟ್ಟು, ಬ್ಯಾಟರಿಯಲ್ಲಿ 13 ವೋಲ್ಟಿಗಿಂತ ಮೇಲೆ ಉಳಿಯುತ್ತದಾ ಅಂತ ನೋಡಿಕೊಳ್ಳಿ. ನಮ್ಮದು ಉಳಿಯಿತು, ಆಲ್ಟರ್ನೇಟರ್ ಬದಲಿಸುವ ಖರ್ಚು ಬರಲಿಲ್ಲ. ಈಗ ಸ್ವಿಚ್ ಒತ್ತಿದರೆ ಆರ್‌ಪಿಎಂ ಮೊದಲು ಏರಿ, ಆಮೇಲೆ ಕ್ಲಚ್ ಕಟ್ ಅಂತ ಹಿಡಿಯುತ್ತದೆ. ಆ ಕ್ರಮ ಮೊದಲನೇ ಸಲ ಕಿವಿಗೆ ಬಿದ್ದಾಗ ನಾನೂ ಮಿಸ್ತ್ರಿಯೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಬಾಡಿಯ ಮಾತು ಹೇಳದೆ ಇದು ಪೂರ್ತಿಯಾಗುವುದಿಲ್ಲ. ಬಟ್ಟೆ ಹೊದಿಕೆಯ ಜಿಪ್ಸಿಗೆ ಎಸಿ ಹಾಕುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ನಾವು ಮೊದಲೇ ಫೈಬರ್ ಹಾರ್ಡ್‌ಟಾಪ್ ಹಾಕಿಸಿದ್ದೆವು. ಅದರ ಒಳಗೆ ಫಾಯಿಲ್ ಇರುವ ಫೋಮ್ ಶೀಟ್, ಎಂಜಿನ್ ಕಡೆಯ ಗೋಡೆಗೆ ಮತ್ತು ಕಾಲಡಿಗೆ ಬಿಸಿ ತಡೆಯುವ ಮ್ಯಾಟ್ ಅಂಟಿಸಿದೆವು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತ್ತು, ಹಾಗಾಗಿ ಬಿಸಿಲನ್ನು ತಡೆಯುವ ಕೆಲಸ ಛಾವಣಿಗೇ ಬಿಟ್ಟೆವು. ಬಾಗಿಲ ರಬ್ಬರ್‌ಗಳನ್ನೆಲ್ಲ ಹೊಸದು ಹಾಕಿದೆವು. ಎಂಜಿನ್ ಬದಲಿಸಿದಾಗ ವೈರು, ಕೇಬಲ್ ಅಂತ ಗೋಡೆಯಲ್ಲಿ ಕೊರೆದ ತೂತುಗಳನ್ನೂ ಹುಡುಕಿ ಹುಡುಕಿ ಮುಚ್ಚಿದ್ದು ಧೂಳಿಗೂ ಒಳ್ಳೇದಾಯಿತು.

ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ರೇಟು ಆಗಾಗ ಬದಲಾಗುತ್ತದೆ, ಆದರೆ ಅನುಪಾತ ಹೇಳಬಲ್ಲೆ. ಕಂಪ್ರೆಸರ್, ಕಂಡೆನ್ಸರ್, ಕಾಯಿಲ್ ಈ ದೊಡ್ಡ ಸಾಮಾನುಗಳಿಗೆ ಎಷ್ಟು ಹೋಯಿತೋ ಹತ್ತಿರ ಹತ್ತಿರ ಅಷ್ಟೇ ಬ್ರ್ಯಾಕೆಟ್, ಪೈಪು, ಕೂಲಿ, ಇನ್ಸುಲೇಷನ್ ಅಂತ ಹೋಯಿತು. ಸಾಮಾನಿನ ದುಡ್ಡು ಮಾತ್ರ ಕೈಯಲ್ಲಿಟ್ಟುಕೊಂಡು ಹೊರಟರೆ ಕೆಲಸ ನಡುವೆ ನಿಲ್ಲುತ್ತದೆ.

ಮೇ ತಿಂಗಳಲ್ಲಿ ಅವ್ವನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟೆವು. ಕಾತ್ರಜ್ ಸುರಂಗ ದಾಟಿ ಖಂಬಾಟ್ಕಿ ಘಾಟಿಗೆ ಬರುವಾಗ ಬಿಸಿಲು ಏರಿತ್ತು. ಸಾತಾರಾ ಕಡೆಗೆ ಹೋಗುವಾಗ ಆಗ ಅಲ್ಲಿ ಘಾಟಿಯನ್ನೇ ಹತ್ತಬೇಕಿತ್ತು, ಸುರಂಗ ಇದ್ದದ್ದು ವಾಪಸ್ ಬರುವವರಿಗೆ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ ಎಸಿ ಬಿಟ್ಟೇ ಇಟ್ಟು ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದೆ. ಎಂದಿನ ಜಾಗದಿಂದ ಒಂದು ಕೂದಲೆಳೆ ಏರಿತು, ಘಾಟಿ ಮುಗಿದ ಮೇಲೆ ಇಳಿಯಿತು. ಬಯಲಿನಲ್ಲಿ ಜಾಲರಿಯ ಥರ್ಮಾಮೀಟರ್ 9-10 ಡಿಗ್ರಿ ತೋರಿಸುತ್ತಿತ್ತು, ಟೋಲ್‌ನಲ್ಲಿ ನಿಂತಾಗ 14-15. ಕರಾಡ ದಾಟಿದ ಮೇಲೆ ಅವ್ವ ಬ್ಲೋವರ್ ಕಡಿಮೆ ಮಾಡು, ಕಾಲು ತಣ್ಣಗಾಗ್ತಾವ ಅಂದಳು. ನಿಪ್ಪಾಣಿಯಲ್ಲಿ ಚಹಾ ಕುಡಿಯಲು ನಿಂತಾಗ ಇಳಿದವಳು ಒಂದು ಸಲವೂ ಕೆಮ್ಮಲಿಲ್ಲ, ಉಬ್ಬಸದ ಪಂಪ್ ಚೀಲದಲ್ಲೇ ಇತ್ತು.

ಹಿಂದಿನ ಸೀಟಿಗೆ ಮಾತ್ರ ತಂಪು ಇನ್ನೂ ಸಾಲದು. ಪೆಟ್ಟಿಗೆ ಮಾದರಿಯ ಕಾಯಿಲ್ ಮುಂದೆ ಇರುವುದರಿಂದ ಗಾಳಿ ಹಿಂದೆ ತಲುಪುವುದಿಲ್ಲ. ನಡುವಿನ ಜಾಗದಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟು ನೋಡೋಣ ಅಂತ ಮಿಸ್ತ್ರಿ ಹೇಳಿದ್ದಾರೆ. ಊರಿಂದ ಬಂದ ಮೇಲೆ ಬ್ರ್ಯಾಕೆಟ್ ಬೋಲ್ಟುಗಳನ್ನೆಲ್ಲ ಟಾರ್ಕ್ ಪಾನ ಹಾಕಿ ನೋಡಿದೆವು, ಯಾವುದೂ ಸಡಿಲವಾಗಿರಲಿಲ್ಲ. ಹೊಸ ಬೆಲ್ಟು ಸ್ವಲ್ಪ ಹಿಗ್ಗಿತ್ತು, ಬಿಗಿ ಮಾಡಿದೆವು.